ನಡೆದರಷ್ಟೇ ನುಡಿಯುವ ಬ್ಯಾಂಡು

ನನಗೊಂದು ಕೆಟ್ಟ ಚಾಳಿ ಇದೆ. ವಾದ್ಯ ಕಿವಿಗೆ ಬಿದ್ದರೆ ಕೂತಲ್ಲಿ ಕೂರಲಾರೆ, ಎದ್ದು ನಡೆಯಬೇಕು. ರೇಡಿಯೋದಲ್ಲಿ ಯಾರಾದರೂ ಚೆನ್ನಾಗಿ ಬಾರಿಸತೊಡಗಿದರೋ, ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ನನ್ನ ಸವಾರಿ ಹೊರಟಿತೆಂದೇ ತಿಳಿಯಿರಿ. ಮನೆಯವರು ಇದನ್ನು ಡಾಕ್ಟರು ಹೇಳಿದ ವ್ಯಾಯಾಮವೆಂದುಕೊಂಡು ಸುಮ್ಮನಿದ್ದಾರೆ. ಧಾರವಾಡದಲ್ಲಿ ಒಮ್ಮೆ ದೊಡ್ಡ ಗವಾಯಿಗಳೊಬ್ಬರ ಕಛೇರಿಗೆ ಹೋಗಿ ಮೂರನೆಯ ಸಾಲಿನಲ್ಲಿ ಕೂತಿದ್ದೆ. ಹಾಡು ವೇಗ ಹಿಡಿದದ್ದೇ ತಡ, ನನ್ನನ್ನು ಕೇಳದೆಯೇ ಕಾಲುಗಳು ಎದ್ದುಬಿಟ್ಟವು. ಹಿಂದಿದ್ದ ಹಿರಿಯರೊಬ್ಬರು, "ಬಾಯಾರ, ಹೊರಗ ಹೋಗೂದಿದ್ದರ ಬಾಗಲಾ ಆ ಕಡೆ ಐತ್ರಿ" ಎಂದು ಮರ್ಯಾದೆಯಿಂದಲೇ ತೋರಿಸಿದರು. ಹೋದೆ. ವರಾಂಡದಲ್ಲಿ ಅಡ್ಡಾಡುತ್ತ ಪೂರ್ತಿ ಕೇಳಿದೆ. ಒಳಗೆ ಕೂತವರಿಗಿಂತ ನಾನೇ ಚೆನ್ನಾಗಿ ಕೇಳಿದೆನೆಂದು ನನ್ನ ನಂಬಿಕೆ.

ಇದು ನನ್ನ ತಪ್ಪಲ್ಲ, ವಂಶದ ಗುಣ. ನಾನು ಬ್ಯಾಂಡಿನವರ ಮಗಳು.

ನಮ್ಮಪ್ಪ ಮಲ್ಲಪ್ಪ, ಬಬಲೇಶ್ವರದ ಒಕ್ಕಲುತನದ ಮನೆಯವನು. ನೇಗಿಲು ಹಿಡಿ ಎಂದರೆ ಕೊಳಲು ಹಿಡಿದು ಬೇವಿನ ಮರದ ಕೆಳಗೆ ಕೂರುತ್ತಿದ್ದನಂತೆ. ಅಜ್ಜ ಬೇಸತ್ತು, ಇವನು ಊದಿಕೊಂಡೇ ಬದುಕಲಿ ಎಂದು ಬೈದು ಪಟ್ಟಣಕ್ಕೆ ಕಳಿಸಿದ. ಬೈಗುಳವೇ ಆಶೀರ್ವಾದವಾಯಿತು. ಈಗಿನ ವಿಜಯಪುರ ಆಗ ನಮ್ಮೆಲ್ಲರ ಬಾಯಲ್ಲಿ ವಿಜಾಪುರ. ಅಲ್ಲಿ ಅಪ್ಪ ಕ್ಲಾರಿನೆಟ್ ಕಲಿತು, ಸೊಲ್ಲಾಪುರ ರಸ್ತೆಯಲ್ಲಿ ಮನೆ ಹಿಡಿದು, ಎಂಟು ಜನರ ಲಗ್ನದ ಬ್ಯಾಂಡು ಕಟ್ಟಿದ. ಬ್ಯಾಂಡಿನವರಲ್ಲಿ ಒಬ್ಬ ಸೈಕಲ್ ಪಂಕ್ಚರ್ ತಿದ್ದುವವ, ಒಬ್ಬ ದರ್ಜಿ, ದೊಡ್ಡ ಢೋಲು ಬಾರಿಸುವ ಸಿದ್ರಾಮ ಭೂತನಾಳದಲ್ಲಿ ಆಡು ಕಾಯುವವ. ಲಗ್ನದ ದಿನ ಮಾತ್ರ ಎಲ್ಲರೂ ಹಿತ್ತಾಳೆ ಗುಂಡಿಯ ಕೆಂಪು ಕೋಟು ತೊಟ್ಟು ಸರದಾರರಾಗುತ್ತಿದ್ದರು. ದರ್ಜಿ ಎಂಟೂ ಕೋಟುಗಳನ್ನು ತನ್ನ ಮೈಯ ಅಳತೆಗೇ ಹೊಲಿದಿದ್ದರಿಂದ, ಸಿದ್ರಾಮನ ತೋಳು ಮೊಣಕೈಗೇ ಮುಗಿದುಹೋಗುತ್ತಿತ್ತು.

ಇಸವಿ ಅರವತ್ತರ ಆಚೀಚೆಯ ಮಾತು ಇದು. ನನಗಾಗ ಇಪ್ಪತ್ತು ವರ್ಷ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಟ್ರೇನಿಂಗ್ ಮುಗಿಸಿ, ಭೂತನಾಳದ ಸಾಲೆಯಲ್ಲಿ ಅಕ್ಕೋರಾಗಿದ್ದೆ. ನೆಲ ಕಾಣದಷ್ಟು ಸೊಕ್ಕು ಬಂದಿತ್ತು. ಅಪ್ಪ ಏನು ಮಾಡುತ್ತಾರೆಂದು ಹೆಡ್ ಮಾಸ್ತರರು ಕೇಳಿದಾಗ, "ಸಂಗೀತದೊಳಗ ಅದಾರ್ರಿ" ಎಂದಿದ್ದೆ. ಮುಂದೆ ಹದಿನೈದು ದಿನಕ್ಕೆ ಅದೇ ಊರಿನ ಲಗ್ನಕ್ಕೆ ನಮ್ಮ ಬ್ಯಾಂಡೇ ಬಂತು. ಸಾಲೆಯ ಮುಂದೆ ಹಾಯುವಾಗ ಅಪ್ಪ ಊದುತ್ತಲೇ ಹುಬ್ಬು ಹಾರಿಸಿ ನನ್ನನ್ನು ಮಾತಾಡಿಸಿದ. ನಾನು ಕಪ್ಪು ಹಲಗೆಯ ಕಡೆ ತಿರುಗಿ, ಬರೆದದ್ದನ್ನೇ ಮತ್ತೆ ಬರೆದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಬ್ಯಾಂಡಿನವರು ಹಾಡುಗಳನ್ನು ಓಣಿಯ ಅಳತೆಯಿಂದ ಕಲಿತಿದ್ದರು. ಟಿಕೋಟದಲ್ಲಿ ಊರ ಅಗಸಿ ಬಾಗಿಲಿನಿಂದ ಹೆಣ್ಣಿನ ಕಡೆಯವರ ಓಣಿ ಹತ್ತಿರ, ಹಾಗಾಗಿ ಅಲ್ಲಿಗೊಂದು ಗಿಡ್ಡ ಹಾಡು. ಬಬಲೇಶ್ವರದಲ್ಲಿ ಮೆರವಣಿಗೆ ಊರೆಲ್ಲ ಸುತ್ತಿ ಬರಬೇಕು, ಅಲ್ಲಿಗೆ ಉದ್ದದ್ದು. ಹಾಡಿಗೆ ಬೇರೆ ಹೆಸರಿರಲಿಲ್ಲ. "ಟಿಕೋಟಾ ಹಿಡೀರಿ" ಎಂದು ಅಪ್ಪ ಕೂಗಿದರೆ ಎಲ್ಲರಿಗೂ ತಿಳಿಯುತ್ತಿತ್ತು. ತಾಳವೆಂದರೆ ಹೆಜ್ಜೆ. ಹಾಡಿನ ಮುಕ್ತಾಯವೆಂದರೆ ಬೀಗರ ಬಾಗಿಲು. ಅಲ್ಲಿ ಹಿರಿಯರೊಬ್ಬರು ಕೈ ಎತ್ತುತ್ತಿದ್ದರು, ಬ್ಯಾಂಡು ಎಲ್ಲಿತ್ತೋ ಅಲ್ಲೇ ನಿಲ್ಲುತ್ತಿತ್ತು. ಇಪ್ಪತ್ತೈದು ವರ್ಷ ಹೀಗೆ ನಡೆದಿತ್ತು, ಯಾರಿಗೂ ಏನೂ ಕೊರತೆ ಕಂಡಿರಲಿಲ್ಲ.

ಕೊರತೆ ತೋರಿಸಿದವರು ಅಂತೋನ್ ಸಾಹೇಬರು. ಗೋವೆಯ ಕಡೆಯ ಮುದುಕರು, ಮುಂಬಯಿಯ ಹೋಟೆಲುಗಳಲ್ಲಿ ಮೂವತ್ತು ವರ್ಷ ಸ್ಯಾಕ್ಸೊಫೋನ್ ಊದಿದವರು. ಮಗಳು ನಮ್ಮೂರಿನ ದವಾಖಾನೆಯಲ್ಲಿ ನರ್ಸಬಾಯಿ ಆಗಿದ್ದಳು, ಅವಳ ಹತ್ತಿರ ಇರಲು ಬಂದಿದ್ದರು. ಒಂದು ದಿನ ನಮ್ಮ ಬ್ಯಾಂಡು ಅವರ ಕಿಟಕಿಯ ಕೆಳಗೆ ಹಾಯ್ದಿದೆ. ಮರುದಿನವೇ ಪೆಟ್ಟಿಗೆ ಹಿಡಿದುಕೊಂಡು ಮನೆಗೆ ಬಂದರು. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಕಲಸಿ ಹೇಳಿದ್ದು ಇಷ್ಟು: ನೀವು ಊದುವುದರಲ್ಲಿ ಜೀವ ಇದೆ, ಆದರೆ ನೀವು ಎಂಟೂ ಮಂದಿ ಒಂದೇ ಮಾತು ಆಡುತ್ತೀರಿ. ಜಾಝ್ ಎಂಬುದೊಂದಿದೆ, ಅದರಲ್ಲಿ ಪ್ರತಿಯೊಬ್ಬನಿಗೂ ತನ್ನ ಮಾತು ಆಡಲು ಸರತಿ ಬರುತ್ತದೆ. ಹೀಗೆಂದವರೇ ಪೆಟ್ಟಿಗೆ ತೆರೆದು ಊದಿ ತೋರಿಸಿದರು. ಮೊದಲು ಒಂದು ಧಾಟಿ, ಅದನ್ನು ಬಿಟ್ಟು ಎಲ್ಲೆಲ್ಲೋ ತಿರುಗಾಟ, ಕಡೆಗೆ ಮತ್ತೆ ಅದೇ ಧಾಟಿ.

ನಾನು ಓದಿದವಳೆಂದು ಎಲ್ಲರೂ ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಬಿಡಿಸಿ ಹೇಳಿದವನು ಸಿದ್ರಾಮ.

"ಇದು ಆಡು ಬಿಟ್ಟಂಗ ನೋಡ್ರಿ. ಮುಂಜಾನಿ ಎಲ್ಲಾ ಕೂಡಿ ಹೊಂಡತಾವ. ಅಡವ್ಯಾಗ ಒಂದೊಂದು ಒಂದೊಂದ ಕಡೆ ಮೇಯತಾವ. ಸಂಜೀಕ ಮತ್ತ ಕೂಡಿ ಮನಿಗೆ ಬರತಾವ."

ಅಂತೋನ್ ಸಾಹೇಬರಿಗೆ ಇದನ್ನು ಹಿಂದಿಯಲ್ಲಿ ತಿಳಿಸಿದಾಗ ಅವರು ಎದ್ದು ಸಿದ್ರಾಮನ ಕೈ ಕುಲುಕಿದರು. ತಮಗೆ ಇದನ್ನು ಕಲಿಸಿದವರೂ ಇಷ್ಟು ಸರಳವಾಗಿ ಹೇಳಿರಲಿಲ್ಲವಂತೆ. ಅಂದಿನಿಂದ ನಮ್ಮ ಮನೆಯಲ್ಲಿ ತಾಲೀಮು ಶುರುವಾಯಿತು. ಪಂಕ್ಚರ್ ತಿದ್ದುವವನ ತುತ್ತೂರಿಗೆ ಒಮ್ಮೆ ಅಡವಿಗೆ ಬಿಟ್ಟರೆ ಮನೆಗೆ ಬರುವ ದಾರಿಯೇ ನೆನಪಾಗುತ್ತಿರಲಿಲ್ಲ. ಅವನನ್ನು ಹುಡುಕಿ ತರುವುದು ಢೋಲಿನ ಕೆಲಸವಾಯಿತು.

ತಾಲೀಮು ಒಂದು ಹದಕ್ಕೆ ಬಂದಾಗ ಇದನ್ನು ಎಲ್ಲಿ ನುಡಿಸುವುದೆಂಬ ಮಾತು ಬಂತು. ಲಗ್ನದಲ್ಲಿ ಇಂಥದ್ದನ್ನು ಊದಿದರೆ ಬೀಗರು ಕೋಟು ಬಿಚ್ಚಿಸಿ ಕಳಿಸುತ್ತಾರೆ. ಆಗ ಅಪ್ಪ ಮನಸ್ಸಿನಲ್ಲಿದ್ದುದನ್ನು ಹೇಳಿದ.

"ಇಪ್ಪತ್ತೈದ ವರ್ಷ ಆತು ಊದಾಕತ್ತು. ಮಂದಿ ನಮ್ಮ ಮುಂದ ಕುಣದಾರ, ನಮ್ಮ ಹಿಂದ ನಡದಾರ. ಕುಂತು ಕೇಳಿದವರು ಒಬ್ಬರೂ ಇಲ್ಲ. ಒಮ್ಮೆರ ಯಾರರ ಕುಂತು ಕೇಳಬೇಕು ನೋಡ್ರಿ."

ಯಾರಾದರೂ ಎಂದರೆ ಯಾರು ಎಂಬುದು ನನಗೆ ಗೊತ್ತಿತ್ತು. ನಮ್ಮವ್ವ. ಬ್ಯಾಂಡಿನವರ ಹೆಂಡತಿಯರು ಬ್ಯಾಂಡು ಕೇಳುವ ಪದ್ಧತಿಯೇ ಇರಲಿಲ್ಲ. ಬ್ಯಾಂಡು ಹೋಗುವುದು ಬೇರೆಯವರ ಲಗ್ನಕ್ಕೆ, ಅಲ್ಲಿ ಅಕ್ಕಿಕಾಳು ಹಾಕಲು ಇವರಿಗೆ ಯಾರು ಕರೆ ಕೊಡುತ್ತಾರೆ? ಮನೆಯಲ್ಲಿ ಅಪ್ಪ ಒಬ್ಬನೇ ಊದಿಕೊಳ್ಳುವುದು ಅವ್ವನ ಕಿವಿಗೆ ಬೀಳುತ್ತಿತ್ತು. ತಾಲೀಮಿನ ದಿನ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಇಡೀ ಬ್ಯಾಂಡನ್ನು ಅವಳು ಅಲ್ಲಿಯವರೆಗೆ ಕೇಳಿದ್ದು ಒಮ್ಮೆ ಮಾತ್ರ, ತನ್ನದೇ ಲಗ್ನದಲ್ಲಿ.

ಆ ಲಗ್ನದ ಕತೆ ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಟಿಕೋಟದಲ್ಲಿ ಅವ್ವನ ತವರು. ಅಪ್ಪನ ಬ್ಯಾಂಡೇ ಬಂದಿತ್ತು, ಆದರೆ ಅಪ್ಪ ಮದುಮಗ, ಕುದುರೆಯ ಮೇಲಿದ್ದ. ಮುಂದೆ ನಿಂತು ದಾರಿ ತೋರುವ ಕ್ಲಾರಿನೆಟ್ ಇಲ್ಲದೆ ಉಳಿದ ಏಳು ಮಂದಿ ಏಳು ದಿಕ್ಕಿಗೆ ಹರಿದುಹೋದರು. ಬಾಸಿಂಗ ಕಟ್ಟಿಕೊಂಡ ಅಪ್ಪ ಮೇಲಿನಿಂದ ಬೆರಳು ಆಡಿಸಿ ತೋರಿಸುತ್ತಿದ್ದನಂತೆ, ಎರಡು ಸಲ ಇಳಿಯಲೂ ಹೋದನಂತೆ. ಸೋದರಮಾವ ಕಾಲು ಹಿಡಿದು ಕೂರಿಸಿದ. ಒಳಗೆ ಕೂತ ಮದುಮಗಳು ಕೇಳಿಸಿಕೊಂಡದ್ದು ಅದನ್ನು. ಇಪ್ಪತ್ತೆರಡು ವರ್ಷದ ಮೇಲೂ ಬ್ಯಾಂಡಿನ ಮಾತು ಬಂದರೆ ಅವ್ವ, "ಎಮ್ಮಿ ಈಯುವಾಗ ಒದರಿದಂಗ ಆಗಿತ್ತು" ಎನ್ನುತ್ತಿದ್ದಳು. ಅಪ್ಪನಿಗೆ ಇದು ನುಂಗಲಾರದ ತುತ್ತು. ಅದು ನನ್ನ ಬ್ಯಾಂಡಲ್ಲ, ನಾನಿಲ್ಲದ ಬ್ಯಾಂಡು ಎಂದು ಎಷ್ಟು ಹೇಳಿದರೂ ಅವಳ ಲೆಕ್ಕದಲ್ಲಿ ಬ್ಯಾಂಡು ಎಂದರೆ ಅದೇ.

ಜಾಗವನ್ನು ಅಂತೋನ್ ಸಾಹೇಬರೇ ಹುಡುಕಿದರು. ಸಂಜೆ ತಿರುಗಾಡಲು ಹೋದವರು ಗಗನ ಮಹಲಿನ ದೊಡ್ಡ ಕಮಾನಿನ ಕೆಳಗೆ ನಿಂತು ಚಪ್ಪಾಳೆ ತಟ್ಟಿ ನೋಡಿ ಬಂದಿದ್ದರು. ಮುಂಬಯಿಯ ಯಾವ ಹೋಟೆಲಿಗೂ ಇಂಥ ಕಮಾನಿಲ್ಲ ಎಂದರು. ಬಾದಶಹರು ದರ್ಬಾರು ಮಾಡಿದ ಜಾಗದಲ್ಲಿ ಆಗ ಗಿಳಿಗಳ ದರ್ಬಾರು. ಗೋಡೆಗೆ ಮೊಳೆ ಹೊಡೆಯಬಾರದು, ಕತ್ತಲಾಗುವ ಮೊದಲು ಜಾಗ ಖಾಲಿ ಮಾಡಬೇಕು ಎಂಬ ಎರಡು ಷರತ್ತಿನ ಮೇಲೆ ಒಪ್ಪಿಗೆಯೂ ಸಿಕ್ಕಿತು. ದಸರೆ ಮುಗಿದಿತ್ತು. ತುಳಸಿ ಲಗ್ನವಾದರೆ ಊರವರ ಲಗ್ನಗಳು ಶುರು, ಬ್ಯಾಂಡು ಮತ್ತೆ ರಸ್ತೆಗೆ. ನಡುವೆ ಇದ್ದದ್ದು ನಾಲ್ಕು ಐತವಾರ. ನಾಲ್ಕು ಐತವಾರ ಸಂಜೆ, ಬರುವವರು ತಮ್ಮ ತಮ್ಮ ಚಾಪೆ ತರಬೇಕು, ಕೇಳುವುದಕ್ಕೆ ದುಡ್ಡಿಲ್ಲ. ಓಣಿಯವರೆಲ್ಲ ಕೂಡಿ ನಿಶ್ಚಯಿಸಿದ್ದು ಇದು.

ಮೊದಲ ಐತವಾರ ನೂರಕ್ಕೂ ಹೆಚ್ಚು ಮಂದಿ ಸೇರಿದ್ದರು. ಇಟ್ಟಂಗಿಹಾಳದ ಕಡೆಯ ರೈತರು ಸಂತೆಯ ಗಂಟಿನ ಸಮೇತ ಬಂದಿದ್ದರು. ಅಪ್ಪ ಮುಂದಿನ ಸಾಲಿನಲ್ಲಿ ಒಂದು ಹೊಸ ಕಂಬಳಿ ಹಾಸಿ, ಅದರ ಮೇಲೆ ಯಾರನ್ನೂ ಕೂರಗೊಡಲಿಲ್ಲ. ಅವ್ವ ಬರಲಿಲ್ಲ. ಬರುವೆಯಾ ಎಂದು ಅಪ್ಪ ಬಾಯಿಬಿಟ್ಟು ಕೇಳಿರಲೂ ಇಲ್ಲ. "ನಿಮ್ಮವ್ವಗ ಹೇಳು" ಎಂದು ನನಗೆ ಹೇಳಿದ್ದ, ನಾನು ಹೇಳಿದ್ದೆ, ದಿನಾ ಕೇಳಿ ಕೇಳಿ ಕಿವಿ ತೂತು ಬಿದ್ದಿವೆ ಎಂದು ಅವ್ವ ನನ್ನ ಕೈಯಲ್ಲೇ ಉತ್ತರ ಕಳಿಸಿದ್ದಳು.

ಕಾರ್ಯಕ್ರಮದ ಪರಿಚಯ ನನ್ನದು. ಜಾಝ್ ಎಂಬುದರ ಉಗಮ ಮತ್ತು ವಿಕಾಸದ ಬಗ್ಗೆ ಮೂರು ಪುಟ ಬರೆದುಕೊಂಡು ಹೋಗಿದ್ದೆ. ಉಗಮವೂ ಗೊತ್ತಿರಲಿಲ್ಲ, ವಿಕಾಸವೂ ಗೊತ್ತಿರಲಿಲ್ಲ, ಹಾಗಾಗಿ ಸಂಸ್ಕೃತ ಶಬ್ದಗಳನ್ನು ಧಾರಾಳವಾಗಿ ಸುರಿದಿದ್ದೆ. ಎರಡನೆಯ ಪುಟದ ನಡುವೆ ರೈತನೊಬ್ಬ ಎದ್ದು ಕೈಮುಗಿದು, "ಯವ್ವಾ, ಊದಾಕ ಯಾವಾಗ ಚಾಲೂ ಮಾಡತಾರ?" ಎಂದು ಕೇಳಿದ. ಮೂರನೆಯ ಪುಟ ಇಂದಿಗೂ ಯಾರೂ ಕೇಳಿಲ್ಲ.

ಬ್ಯಾಂಡಿನವರು ಕುರ್ಚಿಗಳ ಮೇಲೆ ಕೂತಿದ್ದರು. ತೊಂದರೆ ಶುರುವಾದದ್ದೇ ಅಲ್ಲಿ. ಅಷ್ಟು ವರ್ಷದಲ್ಲಿ ಅವರು ಕೂತು ಬಾರಿಸಿದ್ದಿಲ್ಲ. ತಾಲೀಮನ್ನೂ ನಮ್ಮ ಪಡಸಾಲೆಯಲ್ಲಿ ಸುತ್ತು ಹಾಕುತ್ತಲೇ ಮಾಡಿದ್ದರು. ಹೆಜ್ಜೆ ಇಲ್ಲದೆ ತಾಳ ಎಲ್ಲಿಂದ ಬರಬೇಕು? ಒಬ್ಬೊಬ್ಬನ ಕಾಲು ಒಂದೊಂದು ಹೊತ್ತಿಗೆ ನೆಲ ಒದೆಯತೊಡಗಿತು. ಹೇಗೋ ಸಂಭಾಳಿಸಿ 'ಬಬಲೇಶ್ವರ' ಹಿಡಿದರು. ಎಲ್ಲರೂ ಅಡವಿಗೆ ಹೋದರು, ಮೇಯ್ದರು, ಮನೆಗೂ ಬಂದರು. ಆದರೆ ನಿಲ್ಲಿಸಲಿಲ್ಲ. ಮತ್ತೆ ಹೊರಟರು. ಬೀಗರ ಬಾಗಿಲು ಬರಲಿಲ್ಲ, ಕೈ ಎತ್ತುವ ಹಿರಿಯರಿರಲಿಲ್ಲ. ಅಂತೋನ್ ಸಾಹೇಬರು ಊದುತ್ತ ಊದುತ್ತ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ಅಪ್ಪನ ಮುಖ ಅವನ ಕೋಟಿಗಿಂತ ಕೆಂಪಾಗಿತ್ತು. ಅರ್ಧ ಮಂದಿ ಚಾಪೆ ಸುತ್ತಿಕೊಂಡು ಎದ್ದು ಹೋದ ಮೇಲೆ, ಸಂತೆಯ ಗಂಟಿನ ಮುದುಕನೊಬ್ಬ ಮುಂದೆ ಬಂದು ಕೈ ಎತ್ತಿ ಹೇಳಿದ:

"ನಿಲ್ಲಸ್ರಪ್ಪಾ, ಬೀಗರ ಮನಿ ಬಂತು."

ಒಂಬತ್ತು ವಾದ್ಯಗಳೂ ಒಂದೇ ಏಟಿಗೆ ನಿಂತವು.

ಎರಡನೆಯ ಐತವಾರಕ್ಕೆ ಕುರ್ಚಿ ತೆಗೆಸಿದರು. ಕೂತರೆ ತಾಳ ಬರುವುದಿಲ್ಲವಾದರೆ ಮಹಲಿನೊಳಗೇ ಸುತ್ತು ಹಾಕುತ್ತ ನುಡಿಸೋಣ, ಕೇಳುವವರು ನಡುವೆ ಕೂರಲಿ ಎಂಬ ಉಪಾಯ ಅಪ್ಪನದು. ಉಪಾಯವೇನೋ ಒಳ್ಳೆಯದೇ. ಆದರೆ ನಮ್ಮೂರಿನ ಮಂದಿಗೂ ಒಂದು ಅಭ್ಯಾಸವಿತ್ತು. ಬ್ಯಾಂಡು ನಡೆದರೆ ಹಿಂದೆ ತಾವೂ ನಡೆಯಬೇಕು. ಮೊದಲ ಸುತ್ತಿಗೆ ಹತ್ತು ಮಂದಿ ಎದ್ದರು, ಎರಡನೆಯ ಸುತ್ತಿಗೆ ಎಲ್ಲರೂ. ಜನ ಹೆಚ್ಚಿ ಒಳಗೆ ಜಾಗ ಸಾಲದೆ ಮೆರವಣಿಗೆ ಹೊರಗೆ ಹರಿಯಿತು. ಆ ದಿನದ ಕಛೇರಿ ಗಾಂಧಿ ಚೌಕದಲ್ಲಿ ಮುಗಿಯಿತು. ಊರೆಲ್ಲ ಹೊಗಳಿತು. ಅಪ್ಪ ಮಾತ್ರ ಮನೆಗೆ ಬಂದು ಕೋಟು ಗೂಟಕ್ಕೆ ಹಾಕಿ, ಇವತ್ತೂ ಯಾರೂ ಕೂರಲಿಲ್ಲ ಎಂದ. ಕಂಬಳಿಯನ್ನು ಯಾರೋ ತುಳಿದು ಮಣ್ಣು ಮಾಡಿದ್ದರು. ಅವ್ವ ಅದನ್ನು ಕೊಡವಿ ಮಡಿಸಿಟ್ಟಳು, ಯಾರಿಗಾಗಿ ಹಾಸಿದ್ದೆಂದು ಕೇಳಲಿಲ್ಲ.

ಮೂರನೆಯ ವಾರ ದಾರಿ ಕಂಡಿತು. ಭಜನೆಯವರು ಕೂರುವಂತೆ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕಾಲು ಮಡಿಚಿ ಕಟ್ಟಿಹಾಕಿದ ಮೇಲೆ ಅದು ಎಲ್ಲಿಗೆ ಹೋದೀತು? ತಾಳ ಮೊಣಕಾಲಿಗೆ ಬಂದು ನಿಂತಿತು. ಅಂತೋನ್ ಸಾಹೇಬರು ಮಾತ್ರ ಕಾಲು ಮಡಿಚಲಾಗದೆ ಕುರ್ಚಿಯ ಮೇಲೆ ಕೂತರು. ಮುಗಿಸುವ ಹೊತ್ತಿಗೆ ಅವರು ಕೈ ಎತ್ತುವುದೆಂದು ಗೊತ್ತು ಮಾಡಿಕೊಂಡಿದ್ದರು. ನನ್ನ ಪರಿಚಯ ಒಂದೇ ಸಾಲಿಗೆ ಇಳಿದಿತ್ತು: "ಈಗ ಟಿಕೋಟಾ." ಆ ದಿನ ಮಂದಿ ಕೂತರು, ಕೇಳಿದರು, ಕೆಲವರು ಕಣ್ಣು ಮುಚ್ಚಿಕೊಂಡರು. ಕಮಾನಿನ ಕೆಳಗೆ ಅಪ್ಪನ ಕ್ಲಾರಿನೆಟ್ ಒಂದೇ ಎದ್ದು ಹೊರಟಾಗ ನನಗೆ ಅಳು ಬಂತು. ಇವನು ನಮ್ಮಪ್ಪ ಎಂದು ಪಕ್ಕದಲ್ಲಿದ್ದ ಹೆಡ್ ಮಾಸ್ತರರಿಗೆ ನಾನೇ ಹೇಳಿದೆ. ಅವರು, ಅದು ಊರಿಗೆಲ್ಲ ಗೊತ್ತಿದೆ, ಸುಮ್ಮನೆ ಕೂತು ಕೇಳಿ ಎಂದರು.

ಬೇಡಿದ್ದು ಸಿಕ್ಕಿತೆಂದು ನಾವೆಲ್ಲ ಅಂದುಕೊಂಡೆವು. ಆದರೆ ಅಪ್ಪ ಆ ವಾರವೆಲ್ಲ ಮಂಕಾಗಿಯೇ ಇದ್ದ. ಉಳಿದದ್ದು ಒಂದೇ ಐತವಾರ. ಶನಿವಾರ ಮಧ್ಯಾಹ್ನ, ಅವ್ವ ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಾಗ, ಅಪ್ಪ ಹೊಸ್ತಿಲಲ್ಲಿ ನಿಂತು ಎಮ್ಮೆಯನ್ನು ನೋಡುತ್ತ ಹೇಳಿದ.

"ನಾಳೆ ಕಡೀ ಐತವಾರ. ನೀ ಬಂದರ ಚಲೋ ಆಗತೈತಿ."

ಲಗ್ನವಾದ ಮೇಲೆ ಅವನು ಅವಳಿಗೆ ಹಾಗೆ ನೇರವಾಗಿ ಏನನ್ನಾದರೂ ಬೇಡಿದ್ದು ಅದೇ ಮೊದಲಿರಬೇಕು. ಅವ್ವ ಮೇವು ಕೊಡವುವುದನ್ನು ನಿಲ್ಲಿಸಲಿಲ್ಲ.

"ಎಮ್ಮಿ ಯಾರು ಹಿಂಡತಾರ?"

"ಅದನ್ನೂ ಕರಕೊಂಡ ಬಾ."

ಎಮ್ಮೆ ಬರಲಿಲ್ಲ. ಅವ್ವ ಅದನ್ನು ಹೊತ್ತಿಗೆ ಮೊದಲೇ ಹಿಂಡಿದಳು, ಅದು ಸಿಟ್ಟಿಗೆ ಅರ್ಧವೇ ಹಾಲು ಕೊಟ್ಟಿತು. ಇಳಕಲ್ ಸೀರೆ ಉಟ್ಟು, ತಲೆಯ ತುಂಬ ಸೆರಗು ಹೊದ್ದು, ನನ್ನ ಜೊತೆ ಬಂದಳು. ಮುಂದಿನ ಕಂಬಳಿಯ ಮೇಲೆ ಕೂರು ಎಂದರೆ ಸುತರಾಂ ಒಪ್ಪಲಿಲ್ಲ. ಗಂಡ ಊದುವಾಗ ಎದುರಿಗೆ ಕೂತು ಬಾಯಿ ನೋಡುವುದೆಂದರೆ ಮಂದಿ ಏನಂದಾರು? ಎಲ್ಲರಿಗಿಂತ ಹಿಂದೆ, ಬೇವಿನ ಗಿಡದ ಬುಡದಲ್ಲಿ, ಅರ್ಧ ಬೆನ್ನು ಮಾಡಿ ಕೂತಳು. ಅಪ್ಪ ನೋಡಿದ. ಮೊದಲ ಎರಡು ಸ್ವರ ತಪ್ಪಿದವು, ಆಮೇಲೆ ಸರಿಹೋಯಿತು.

ಆ ದಿನದಷ್ಟು ಚೆನ್ನಾಗಿ ಅವರು ಮತ್ತೆಂದೂ ನುಡಿಸಲಿಲ್ಲ. ತುತ್ತೂರಿಯವನು ಯಾರೂ ಕರೆಯದೆ ತಾನೇ ಮನೆಗೆ ಬಂದ. ಸಿದ್ರಾಮ ಢೋಲನ್ನು ಮಡಿಲಲ್ಲಿಟ್ಟುಕೊಂಡು ಬರಿಯ ಬೆರಳಿನಲ್ಲಿ ನುಡಿಸಿದ. ಮುಗಿದ ಮೇಲೆ ಅಂತೋನ್ ಸಾಹೇಬರು ಕುರ್ಚಿಯಿಂದೆದ್ದು ಅಪ್ಪನನ್ನು ಅಪ್ಪಿಕೊಂಡರು. ನಾನು ಅವ್ವನ ಮುಖ ನೋಡುತ್ತಲೇ ಇದ್ದೆ, ಸೆರಗಿನಲ್ಲಿ ಏನೂ ಕಾಣಲಿಲ್ಲ.

ಮನೆಗೆ ಮರಳುವ ದಾರಿಯಲ್ಲಿ ಅವ್ವ ನಾಲ್ಕು ಹೆಜ್ಜೆ ಹಿಂದೆ, ಅಪ್ಪ ನಾಲ್ಕು ಹೆಜ್ಜೆ ಮುಂದೆ, ನಡುವೆ ಅಂಚೆಯವಳು ನಾನು. ಹೇಗನಿಸಿತು ಕೇಳು ಎಂದು ಅಪ್ಪ ಎರಡು ಸಲ ಕಣ್ಸನ್ನೆ ಮಾಡಿದ. ಕೇಳಿದೆ. ಅವ್ವ, ಮನೆಗೆ ನಡೆ ಎಂದಳು. ಮನೆಗೆ ಬಂದು, ಕಾಲು ತೊಳೆದು, ಒಲೆಯ ಮುಂದೆ ಕೂತ ಮೇಲೆ, ನನ್ನನ್ನು ಬಿಟ್ಟು ಅಪ್ಪನಿಗೇ ಹೇಳಿದಳು.

"ಎಲ್ಲಾ ಚಲೋ ಆತ್ರಿ. ಖರೆ, ಮುಂಜಾನಿ ನಾ ರೊಟ್ಟಿ ಬಡಿಯುವಾಗ ಇಲ್ಲಿ ಕುಂತು ಊದತೀರಲ್ಲ, ಕಡೀಕ ಮ್ಯಾಲ ಏರಿ, ಅಲ್ಲೇ ತುಸು ನಿಂತು, ಸಾವಕಾಶ ಇಳೀತೀರಿ. ಅದೊಂದು ಬರತೈತಿ ಅಂತ ಕಡೀತನಾ ಕಾದೆ. ಅದನ್ನ್ಯಾಕ ಊದಲಿಲ್ಲ?"

ಅಪ್ಪ ಪೆಟ್ಟಿಗೆ ಮುಚ್ಚುತ್ತಿದ್ದವನು ಹಾಗೇ ನಿಂತ.

"ಅದು ನಿನಗ ಗೊತ್ತೈತಿ?"

"ಇಪ್ಪತ್ತೆರಡ ವರ್ಷ ಆತು. ಮಂದಿ ಇವತ್ತ ಕುಂತು ಕೇಳ್ಯಾರ. ನಾ ದಿನಾ ಕುಂತು ಕೇಳತೇನಿ."

ಅಪ್ಪ ಕ್ಲಾರಿನೆಟ್ಟನ್ನು ಮತ್ತೆ ಹೊರತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು, ತಪ್ಪು ಒಪ್ಪಿಕೊಳ್ಳುವವನ ಹಾಗೆ ಮೆಲ್ಲಗೆ ಹೇಳಿದ.

"ಊದಬೇಕಂತನ ಹೋಗಿದ್ದೆ. ಎರಡ ಸಲ ಹಿಡದೆ, ಬರಲಿಲ್ಲ. ಅಲ್ಲಿ ನಿನ್ನ ರೊಟ್ಟಿ ಸಪ್ಪಳ ಇರಲಿಲ್ಲ."

ಬುಟ್ಟಿಯಲ್ಲಿ ಮಧ್ಯಾಹ್ನವೇ ಬಡಿದಿಟ್ಟ ರೊಟ್ಟಿಗಳು ನಮ್ಮ ಮೂವರಿಗೂ ಸಾಕಾಗುವಷ್ಟಿದ್ದವು. ಅವ್ವ ಮತ್ತೆ ಹಿಟ್ಟಿನ ಡಬ್ಬಿ ಹತ್ತಿರ ಎಳೆದುಕೊಂಡಳು.